ಅಮ್ಮ ಸುಮ್ಮನಿದ್ದ ಹೊತ್ತು

ಸಂಶೋಧಕರು ಸ್ವಂತ ಮನೆಯವರನ್ನು ಸಂದರ್ಶಿಸುವಂತಿಲ್ಲ ಎಂಬುದು ವಿಭಾಗದ ನಿಯಮ. ಹಾಗಾಗಿ, ಕೆಲಸ ಬಿಟ್ಟ ಹೆಂಗಸರು ಅದರ ಬಗ್ಗೆ ಹೇಗೆ ಮಾತಾಡುತ್ತಾರೆಂಬ ಅಧ್ಯಯನಕ್ಕಾಗಿ ಇವಳ ಅಮ್ಮನನ್ನು ಮಾತಾಡಿಸಿದ್ದು ಜೊತೆಯ ಸಂಶೋಧಕಿ ಗುಬ್ಬಿ. ಧ್ವನಿಮುದ್ರಣ ಕೇಳಿ ಅಕ್ಷರಕ್ಕಿಳಿಸುವ ಕೂಲಿ ಮಾತ್ರ ಇವಳ ಪಾಲಿಗೆ ಬಂತು.

ಗುಬ್ಬಿ ಇವಳಿಗಿಂತ ಕಿರಿಯಳು. ಸಣ್ಣ ಮೈ, ಸಣ್ಣ ದನಿ. ಆದರೂ ಎಂಥ ಬಿಗಿದ ಬಾಯಿಯೂ ಅವಳೆದುರು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಅಕ್ಷರಕ್ಕಿಳಿಸುವಾಗ ಇಬ್ಬರ ಮಾತು ಒಂದರ ಮೇಲೊಂದು ಬಿದ್ದರೆ ಅಲ್ಲಿ ಚೌಕ ಕಂಸ ಹಾಕಬೇಕು, ಮಾತು ನಿಂತರೆ ಆ ಮೌನವನ್ನೂ ಗುರುತಿಸಬೇಕು. ಗುಬ್ಬಿ ನಡೆಸಿದ ಸಂದರ್ಶನಗಳ ಪುಟಗಳ ತುಂಬ ಮೌನದ ಗುರುತುಗಳು. ಇವಳು ನಡೆಸಿದವುಗಳ ತುಂಬ ಕಂಸಗಳು.

"ಏನಮ್ಮಾ, ನಿನ್ನ ಪುಟ ಕಿಟಕಿ ಸರಳಿನ ಹಾಗಿದೆ. ಒಳಗಿರೋರಿಗೆ ಉಸಿರಾಡೋಕಾದ್ರೂ ಬಿಡು," ಎಂದಿದ್ದರು ಮಾರ್ಗದರ್ಶಕ ಮೇಡಂ, ಎಲ್ಲರೆದುರು. ಎಲ್ಲರೂ ನಕ್ಕರು. ಗುಬ್ಬಿ ನಗಲಿಲ್ಲ. ನಕ್ಕಿದ್ದರೆ ಅವಳನ್ನು ದ್ವೇಷಿಸುವುದು ಸುಲಭವಾಗುತ್ತಿತ್ತು.

ಈಗ ಕಿವಿಯಲ್ಲಿ ಗುಬ್ಬಿಯ ದನಿ: "ಕೆಲಸ ಯಾಕೆ ಬಿಟ್ರಿ ಆಂಟಿ?"

"ಮನೆ ನೋಡ್ಕೋಬೇಕಿತ್ತಲ್ಲ."

ಹುಟ್ಟಿದಾಗಿನಿಂದ ಕೇಳಿದ ಉತ್ತರ. ಮಾತು ಇಲ್ಲಿಗೆ ಬಂದಾಗಲೆಲ್ಲ ಇವಳು "ಗೊತ್ತಮ್ಮ" ಎಂದು ಎದ್ದು ಹೋಗುತ್ತಿದ್ದಳು. ಗುಬ್ಬಿ ಏನೂ ಅನ್ನಲಿಲ್ಲ. ಫ್ಯಾನಿನ ಸದ್ದು. ಎಲ್ಲೋ ಬಾಗಿಲು ಹಾಕಿಕೊಂಡಿತು. ಮತ್ತೆ ಫ್ಯಾನು.

"ಮನೆ ಅಲ್ಲಮ್ಮ," ಎಂದಳು ಅಮ್ಮ. "ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಕತ್ತರಿಸುವಾಗ ಕೈ ನಡುಗೋಕೆ ಶುರುವಾಗಿತ್ತು. ಒಂದಿನ ಪೇರಿಸಿಟ್ಟಿದ್ದ ಬಟ್ಟೇನೆಲ್ಲ ಅಡ್ಡಾದಿಡ್ಡಿ ಕತ್ತರಿಸಿಬಿಟ್ಟೆ. ಯಾರೂ ಬೈಲಿಲ್ಲ. ನನ್ನ ಕತ್ತರಿ ಪಕ್ಕದವಳಿಗೆ ಕೊಟ್ಟು, ನನ್ನನ್ನ ಗುಂಡಿ ಹೊಲಿಯೋ ಮೇಜಿಗೆ ಕೂರಿಸಿದ್ರು. ಅವಳು ಕತ್ತರಿಸೋದನ್ನ ನೋಡ್ತಾ ಕೂರೋಕಾಗ್ಲಿಲ್ಲ. ಹೊಟ್ಟೆ ಉರೀತಿತ್ತು. ಬಿಟ್ಟೆ. ಮಗಳಿಗೂ ಹೇಳಿಲ್ಲ ಇದನ್ನ."

ಇವಳು ಕಿವಿಯ ತಂತಿ ಕಿತ್ತೆಸೆದಳು. ಹೆತ್ತ ಮಗಳಿಗಿಲ್ಲದ ಮಾತು ಬೀದಿಯಲ್ಲಿ ಹೋಗುವ ಗುಬ್ಬಚ್ಚಿಗೆ! ಅದೂ ಅವಳು ಮಾಡಿದ್ದೇನು? ಬಾಯಿ ಮುಚ್ಚಿಕೊಂಡು ಕೂತದ್ದು. ನಾಳೆ ಮೇಡಂ ಆ ಮೌನದ ಮೇಲೆ ಬೆರಳಿಟ್ಟು "ನೋಡಿ, ಇದು ಕೇಳೋ ಕಲೆ" ಎನ್ನುತ್ತಾರೆ. ಇವಳು ಮೊದಲು ಹಾಳೆಯಲ್ಲಿ ಆ ಮೌನದ ಗುರುತು ಹಾಕಿದಳು. ಆಮೇಲೆ ಅಳಿಸಿದಳು. ಅಮ್ಮನ ಎರಡು ಮಾತುಗಳು ಅಂಟಿಕೊಂಡವು. ಈಗ ನೋಡಿದವರಿಗೆ ಗುಬ್ಬಿ ಏನೂ ಮಾಡಿದಂತೆ ಕಾಣುತ್ತಿರಲಿಲ್ಲ.

ಸಂಜೆ ಅಮ್ಮ ಪರದೆಯ ಅಂಚು ಹೊಲಿಯುತ್ತಿದ್ದಳು. ಇವಳು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

"ಊರವರ ಮುಂದೆ ಬಾಯಿ ಬರುತ್ತೆ. ನನ್ನ ಮುಂದೆ ಬೀಗ."

"ಕೇಳಿಸ್ಕೊಂಡ್ಯಾ?" ಅಮ್ಮ ತಲೆಯೆತ್ತಲಿಲ್ಲ. "ಪೂರ್ತಿ?"

"ಕೇಳ್ದೆ. ನನಗೆ ಹೇಳಿಲ್ಲ ಅಂತ ಅವಳ ಹತ್ರ—"

"ಬರೆಯೋಳು ನೀನೇ ಅಂತ ನೀನೇ ಹೇಳಿದ್ಯಲ್ಲೇ. ಅದಕ್ಕೇ ಹೇಳ್ದೆ. ರೆಕಾರ್ಡ್ ಮಿಷನ್ನಿನ ಮಾತಿಗೆ ನೀನು ಮಧ್ಯೆ ಬಾಯಿ ಹಾಕೋಕಾಗಲ್ಲ."

ಇವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಹೊಟ್ಟೆಯೊಳಗಿನ ಕಿಚ್ಚಿಗೆ ಸುಡಲು ಇನ್ನು ಗುಬ್ಬಿ ಸಿಗುತ್ತಿರಲಿಲ್ಲ.

ಅಮ್ಮ ಸೂಜಿಗೆ ದಾರ ಪೋಣಿಸಲು ನೋಡಿದಳು. ಕೈ ನಡುಗಿತು. ಇಷ್ಟು ವರ್ಷ ಅಮ್ಮನಿಗೆ ದಾರ ಪೋಣಿಸಲಾಗದ್ದನ್ನು ಕಣ್ಣಿನ ದೋಷವೆಂದುಕೊಂಡಿದ್ದ ಇವಳು ಹತ್ತಿರ ಕೂತು ಸೂಜಿ ತೆಗೆದುಕೊಂಡು ಪೋಣಿಸಿ ಕೊಟ್ಟಳು.

"ಹೇಳ್ಲೋ ಬೇಡ್ವೋ ಅಂತ ಅಲ್ಲಿ ತುಂಬಾ ಹೊತ್ತು ಸುಮ್ಮನಿದ್ದೆ," ಎಂದಳು ಅಮ್ಮ. "ಅದನ್ನೂ ಬರೀತೀರಾ ನೀವು?"

"ಬರೀಬೇಕು," ಎಂದಳು ಇವಳು. ಬರೆದಿದ್ದೇನೆ ಎನ್ನಲು ನಾಲಿಗೆ ಹೊರಳಲಿಲ್ಲ. ಚೀಲದಿಂದ ಹಾಳೆ ತೆಗೆದು ಮಂಡಿಯ ಮೇಲಿಟ್ಟುಕೊಂಡು, ಅಳಿಸಿದ ಗುರುತನ್ನು ಮತ್ತೆ ಹಾಕಿದಳು. ಅಮ್ಮ ಹೊಲಿಯುತ್ತಲೇ ಇದ್ದಳು. ಅವಳ ಮುಂದಿನ ಮಾತಿಗೆ ಇವಳು ಕಾದಳು.