ಅಡ್ಡ ಬಿದ್ದ ಹಕ್ಕಿ

ಬೇಕರಿಯವನು ಕೊಟ್ಟ ಚಿಲ್ಲರೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಅವಳು ಒಂದೊಂದೇ ನಾಣ್ಯ ಮಗುಚತೊಡಗಿದಳು. ಎದುರಿಗೆ ಕೂತು ಬಟಾಣಿ ಸುಲಿಯುತ್ತಿದ್ದ ಅತ್ತೆ ಮೂಗು ಮುರಿದರು.

"ಶುರುವಾಯ್ತು ತಲೆಕೆಳಗಮ್ಮನ ತಪಾಸಣೆ."

ಆ ಹೆಸರು ಕೇಳಿದರೆ ಅವಳಿಗೆ ಈಗಲೂ ಕಿವಿ ಬಿಸಿಯಾಗುತ್ತಿತ್ತು. ಹೆಸರು ಬಂದದ್ದು ನಾಣ್ಯಪ್ರಿಯರ ಕೂಟದಿಂದ, ಮನೆಗೆ ಹೊತ್ತು ತಂದವಳು ಅವಳೇ. ಅತ್ತು ಹಗುರಾಗೋಣವೆಂದು ಅತ್ತೆಯ ಹತ್ತಿರ ಹೇಳಿಕೊಂಡಿದ್ದಳು. ಅತ್ತೆ ಆ ಹೆಸರನ್ನು ಅಲ್ಲೇ ಎತ್ತಿಟ್ಟುಕೊಂಡರು.

ಅವಳ ಕೆಲಸ ಬುಕ್ ಬೈಂಡಿಂಗ್. ದಿನವಿಡೀ ಹಾಳೆ ಮಡಿಸುವುದು, ಹೊಲಿಯುವುದು, ಅಂಟು ಸವರುವುದು, ಕೊನೆಗೆ ಪುಟ ತಿರುವಿ ನೋಡುವುದು. ಆ ಕೈಗೆ ಲೋಕದಲ್ಲಿರುವುದೆಲ್ಲ ಪುಟವೇ. ನಾಣ್ಯವನ್ನೂ ಪಕ್ಕಕ್ಕೆ, ಪುಟದ ಹಾಗೆಯೇ ತಿರುಗಿಸುತ್ತಿದ್ದಳು. ಅವರ ನಾಡಿನ ನಾಣ್ಯಗಳ ರೀತಿಯೇ ಬೇರೆ; ಒಂದು ಬದಿಗೆ ರಾಣಿ, ಇನ್ನೊಂದಕ್ಕೆ ಹಕ್ಕಿ. ರಾಣಿಯ ಮುಖವನ್ನು ನೆಟ್ಟಗೆ ಹಿಡಿದು, ಗೋಡೆ ಕ್ಯಾಲೆಂಡರಿನ ಹಾಳೆಯಂತೆ ಕೆಳಗಿನಿಂದ ಮೇಲಕ್ಕೆ ಎತ್ತಬೇಕು. ಆಗ ಹಿಂಬದಿಯ ಹಕ್ಕಿ ಕಾಲೂರಿ ನಿಲ್ಲುತ್ತದೆ. ಪುಟದಂತೆ ತಿರುಗಿಸಿದರೆ ಎಂಥ ಸರಿಯಾದ ನಾಣ್ಯದಲ್ಲೂ ಹಕ್ಕಿ ತಲೆಕೆಳಗು. ಇದು ತಿಳಿಯದೆ ಅವಳು ಕೂಟ ಸೇರಿದ ಹೊಸತರಲ್ಲೇ, "ಟಂಕಸಾಲೆಯವರ ತಪ್ಪು ಹಿಡಿದಿದ್ದೀನಿ" ಎಂದು ಒಂದು ನಾಣ್ಯ ಮುಂದಿಟ್ಟಿದ್ದಳು. ಕೂಟದ ಹಿರಿಯರಾದ ಗಡಿಯಾರ ರಿಪೇರಿಯವರು ಅದನ್ನು ಕ್ಯಾಲೆಂಡರಿನಂತೆ ಎತ್ತಿ ತೋರಿಸಿದಾಗ ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅವಳು ಮತ್ತೆ ಆ ಕಡೆ ಹೋಗಿರಲಿಲ್ಲ.

ಆದರೂ ಆ ಕೋಣೆಯ ಗಾಜಿನ ಪೆಟ್ಟಿಗೆ ಅವಳ ಕಣ್ಣಿಗೆ ಕಟ್ಟಿದಂತಿತ್ತು. ಅದರಲ್ಲಿ ಒಂದು ಗೂಡು ಮಾತ್ರ ಖಾಲಿ. ಕೆಳಗೆ 'ತಪ್ಪು ಅಚ್ಚಿನ ನಾಣ್ಯ, ಚಿಲ್ಲರೆಯಲ್ಲಿ ಸಿಕ್ಕಿದ್ದು' ಎಂಬ ಚೀಟಿ. ಕೊಂಡು ತಂದ ನಾಣ್ಯಕ್ಕೆ ಅಲ್ಲಿ ಜಾಗವಿಲ್ಲ. ಆ ಗೂಡು ತನ್ನಿಂದ ತುಂಬಬೇಕು ಎಂಬ ಆಸೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮೇಜಿನ ಮೇಲೆ ಅವಳ ಕೈ ತಟ್ಟನೆ ನಿಂತಿತು. ಕ್ಯಾಲೆಂಡರಿನಂತೆ ಎತ್ತಿದ್ದಳು. ಹಕ್ಕಿ ನಿಂತಿರಲಿಲ್ಲ. ತಲೆಕೆಳಗೂ ಆಗಿರಲಿಲ್ಲ. ಕೊಕ್ಕು ನೇರ ನೆಲಕ್ಕಿತ್ತು, ನೀರಿಗೆ ಧುಮುಕುವ ಹಾಗೆ. ಪುಟದಂತೆ ತಿರುಗಿಸಿದಳು. ಈಗ ಕೊಕ್ಕು ಆಕಾಶಕ್ಕೆ. ಕಣ್ಣುಜ್ಜಿಕೊಂಡಳು. ಬೆರಳಿಗೆ ಅಂಟು ಮೆತ್ತಿ ನಾಣ್ಯ ಜಾರಿತೇನೋ ಎಂದು ಕೈ ತೊಳೆದು ಬಂದಳು. ಕೊನೆಗೆ ತನ್ನ ಕೈಯನ್ನೇ ನಂಬದೆ, "ಅತ್ತೆ, ನೀವೊಂದ್ಸಲ ಹಿಡಿದು ನೋಡಿ" ಎಂದಳು.

ಅತ್ತೆ ಬಟಾಣಿ ಸಿಪ್ಪೆ ಕೊಡವಿ ನಾಣ್ಯ ಹಿಡಿದರು. "ಹಕ್ಕಿ ಮಲಗಿದೆ ಕಣೇ."

"ಈಗ ಪಕ್ಕಕ್ಕೆ ತಿರುಗಿಸಿ."

"ಈಗ್ಲೂ ಮಲಗಿದೆ. ಮಗ್ಗುಲು ಬದಲಾಯಿಸಿದೆ, ಅಷ್ಟೇ. ಸೋಂಬೇರಿ ಹಕ್ಕಿ!"

ಅವಳು ನಾಣ್ಯವನ್ನು ವಾಪಸು ಕಸಿದುಕೊಂಡಳು. "ಕೂಟಕ್ಕೆ ತಗೊಂಡು ಹೋಗ್ಲಾ? ಬೇಡ ಬಿಡಿ. ಮತ್ತೆ ನಕ್ಕರೆ?"

"ನಗಲಿ. ಹಲ್ಲು ಅವರದ್ದು, ನಿನಗೇನು ನೋವು? ಭಾನುವಾರ ನಾನೂ ಬರ್ತೀನಿ. ನನ್ನ ಸೊಸೆಗೆ ಅಡ್ಡಹೆಸರಿಟ್ಟ ಮಹಾನುಭಾವರನ್ನ ಒಂದ್ಸಲ ನೋಡ್ಬೇಕು."

"ಅದೇ ಹೆಸರಲ್ಲಿ ನೀವೂ ಕರೀತೀರಲ್ಲ ಅತ್ತೆ?"

"ನಾನು ಮನೆಯವಳು. ನನಗೆ ಹಕ್ಕಿದೆ."

ಭಾನುವಾರ ಮೆಟ್ಟಿಲು ಹತ್ತುವಾಗ ಅವಳು ಮೂರು ಸಲ ನಿಂತಳು. ಮೂರು ಸಲವೂ ಅತ್ತೆ ಹಿಂದಿನಿಂದ ಚೀಲದಲ್ಲಿ ತಿವಿದರು.

"ಓಹೋ, ಬನ್ನಿ ಬನ್ನಿ ತಲೆಕೆಳಗಮ್ಮನವರೇ!" ಎಂದರು ಗಡಿಯಾರ ರಿಪೇರಿಯವರು. ನಾಣ್ಯ ಕೈಗೆ ಬಂದಾಗ ನೋಡುವ ಮೊದಲೇ ಮುಗುಳ್ನಕ್ಕರು. "ಮತ್ತೆ ಪುಟ ತಿರುವಿದ್ರಾ?"

ಕೋಣೆ ನಕ್ಕಿತು. ಅವಳು ಬಾಗಿಲ ಕಡೆ ನೋಡಿದಳು. ಬಾಗಿಲಿಗೆ ಅಡ್ಡವಾಗಿ ಅತ್ತೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಪುಟದ ಹಾಗೂ ತಿರುಗಿಸಿದೆ ಸರ್, ಕ್ಯಾಲೆಂಡರಿನ ಹಾಗೂ ಎತ್ತಿದೆ," ಎಂದಳು. "ನೀವು ನಿಮಗಿಷ್ಟ ಬಂದ ಹಾಗೆ ತಿರುಗಿಸಿ. ಹಕ್ಕಿ ಎದ್ದು ನಿಂತರೆ ನಾನು ಇನ್ಯಾವತ್ತೂ ಈ ಮೆಟ್ಟಿಲು ಹತ್ತಲ್ಲ."

ಅವರು ಕ್ಯಾಲೆಂಡರಿನಂತೆ ಎತ್ತಿದರು. ಮುಗುಳ್ನಗೆ ಅರ್ಧಕ್ಕೇ ನಿಂತಿತು. ಪುಟದಂತೆ ತಿರುಗಿಸಿದರು. ಮತ್ತೆ ಎತ್ತಿದರು. ಗಡಿಯಾರ ಬಿಚ್ಚುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ತೆಗೆದು, ನಾಣ್ಯದ ಅಂಚನ್ನು ಸುತ್ತಲೂ ನೋಡಿದರು. ಯಾರಾದರೂ ಎರಡು ನಾಣ್ಯ ಸೀಳಿ ಅಂಟಿಸಿದ್ದರೆ ಅಲ್ಲಿ ಗೆರೆ ಕಾಣಬೇಕು. ಅವರ ಉಗುರಿಗೆ ಎಲ್ಲೂ ಏನೂ ತಗುಲಲಿಲ್ಲ.

"ಎಲ್ಲಿ ಸಿಕ್ತು?"

"ಬೇಕರಿ ಚಿಲ್ಲರೇಲಿ."

"ನಾನೇ ಸಾಕ್ಷಿ," ಎಂದರು ಅತ್ತೆ ಬಾಗಿಲಿಂದ. "ಬನ್ನು ಹಳಸಿತ್ತು, ಚಿಲ್ಲರೆ ಚೆನ್ನಾಗಿತ್ತು."

ಗಡಿಯಾರ ರಿಪೇರಿಯವರು ಎದ್ದು ನಿಂತರು. "ಟಂಕಸಾಲೇಲಿ ಅಚ್ಚು ಸಡಿಲವಾಗಿ ಕಾಲು ಸುತ್ತು ತಿರುಗಿಬಿಟ್ಟಿದೆ. ಅದೇ ಸ್ಥಿತೀಲಿ ಇದನ್ನ ಹೊಡೆದಿದ್ದಾರೆ. ಇಷ್ಟು ವರ್ಷದಲ್ಲಿ ಇಂಥದ್ದು ನನ್ನ ಕೈಗೆ ಬಂದಿರ್ಲಿಲ್ಲ." ಭೂತಗನ್ನಡಿ ಜೇಬಿಗೆ ಹಾಕಿಕೊಂಡು, "ಅವತ್ತು ನಕ್ಕಿದ್ದು ಜಾಸ್ತಿಯಾಯ್ತಮ್ಮ," ಎಂದರು.

ನಾಣ್ಯ ಕೈಯಿಂದ ಕೈಗೆ ಹೋಯಿತು. ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕವರೆಲ್ಲ ಒಬ್ಬೊಬ್ಬರಾಗಿ ಪುಟದ ಹಾಗೆ, ಕ್ಯಾಲೆಂಡರಿನ ಹಾಗೆ ತಿರುಗಿಸಿ ನೋಡಿದರು. ಹಕ್ಕಿ ಧುಮುಕಿತು, ಹಾರಿತು. ಯಾರ ಮಾತಿಗೂ ಎದ್ದು ನಿಲ್ಲಲಿಲ್ಲ. ಅವಳಿಗೆ ನಗು ಹೊಟ್ಟೆಯೊಳಗಿಂದ ಉಕ್ಕಿ ಬಂತು, ತಡೆಯಲು ಹೋಗಲಿಲ್ಲ.

ಗಾಜಿನ ಪೆಟ್ಟಿಗೆಯ ಬೀಗ ತೆಗೆದು, ಖಾಲಿ ಗೂಡಿನ ಧೂಳು ಒರೆಸಿ, ನಾಣ್ಯವನ್ನು ಅವಳ ಕೈಯಿಂದಲೇ ಇಡಿಸಿದರು.

"ಇನ್ನು ತಲೆಕೆಳಗಮ್ಮ ಅನ್ನೋ ಹಾಗಿಲ್ಲ," ಎಂದರು ಗಡಿಯಾರ ರಿಪೇರಿಯವರು. "ಹಕ್ಕಿ ಅಡ್ಡ ಬಿದ್ದಿದೆ. ಅಡ್ಡಮ್ಮ ಅನ್ಬೇಕು."

"ಸರಿಯಾಗಿದೆ," ಎಂದರು ಅತ್ತೆ. "ಮದುವೆಯಾಗಿ ಬಂದಾಗಿನಿಂದ ನನ್ನ ಪ್ರತಿ ಮಾತಿಗೂ ಅಡ್ಡವೇ."

ಈ ಸಲ ಕೋಣೆ ನಕ್ಕಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೊಟ್ಟ. ಅವಳು ಕೈ ಚಾಚುವಷ್ಟರಲ್ಲಿ ಅತ್ತೆ ಅಷ್ಟನ್ನೂ ಬಾಚಿಕೊಂಡು ಮಡಿಲಿಗೆ ಸುರಿದುಕೊಂಡರು.

"ತಾಳೇ, ಮೊದಲು ನಾನು ನೋಡ್ತೀನಿ. ಹೇಗೆ, ಕ್ಯಾಲೆಂಡರಿನ ಹಾಗೆ ತಾನೆ?"