ಕಟಕೋಳದ ಕ್ಯಾಂಪಿನಲ್ಲಿ ರಾಯವ್ವ ಬರೆದ ಕಾಗದ

ನರ್ಸಿಂಗ್ ಕಲಿಸುವ ಸಿದ್ದಲಿಂಗವ್ವ ಅಕ್ಕೋರು ರಾಯವ್ವನ ಕೆನ್ನೆಗೆ ಹೊಡೆದದ್ದು ಒಂದೇ ಸಲ. ರಾಯವ್ವ ಸಂಗೊಳ್ಳಿಯಿಂದ ಬಂದು ಬೈಲಹೊಂಗಲದ ನರ್ಸ್ ತರಬೇತಿ ಶಾಲೆಗೆ ಸೇರಿ ಆಗಿನ್ನೂ ಎರಡು ತಿಂಗಳಾಗಿತ್ತು. ವಾರ್ಡಿನಲ್ಲಿ ಮಲಗಿದ್ದ ಮುದುಕನೊಬ್ಬನ ನಾಡಿಯನ್ನು ಹದಿನೈದು ಸೆಕೆಂಡ್ ಹಿಡಿದು, ನಾಲ್ಕರಿಂದ ಗುಣಿಸಿ ಬರೆದುಬಿಟ್ಟಿದ್ದಳು. ಅಕ್ಕೋರು ಕೈಗಡಿಯಾರ ನೋಡುತ್ತ ಬೆನ್ನ ಹಿಂದೆಯೇ ನಿಂತಿದ್ದರು.

“ಉಳಿದ ನಾಲ್ವತ್ತೈದು ಸೆಕೆಂಡಿನಾಗ ಅಂವಗ ಏನಾತು ಅಂತ ನಿನಗ ಹೆಂಗ ಗೊತ್ತು?” ಎಂದರು. “ಕಾಣದ್ದನ್ನ ಬರೀಬ್ಯಾಡ. ಕಂಡದ್ದನ್ನ ಬಿಡಬ್ಯಾಡ. ಇಷ್ಟ ನೋಡವಾ ನರ್ಸಿನ ಕೆಲಸ.”

ರಾಯವ್ವನಿಗೆ ಸಿಟ್ಟು ಬರಲಿಲ್ಲ. ತಮ್ಮ ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮೊದಲ ಹುಡುಗಿ ಅವಳು. ತಪ್ಪು ಮಾಡಿದರೆ ಹೊಡೆಯುವಷ್ಟು ತನ್ನನ್ನು ಲೆಕ್ಕಕ್ಕೆ ಹಿಡಿದ ಮೊದಲ ದೊಡ್ಡವರು ಇವರೇ ಎಂದು ಒಳಗೊಳಗೇ ಹಿಗ್ಗಿದಳು. ಮುಂದೆ ಅಕ್ಕೋರು ಕಲಿಸಿದ್ದೆಲ್ಲ ಅವಳ ಬೆರಳಿಗೆ ಇಳಿಯಿತು. ಕೆಳಗಿನ ರೆಪ್ಪೆ ಜಗ್ಗಿ ರಕ್ತದ ಬಣ್ಣ ನೋಡುವುದು, ಉಗುರು, ನಾಲಗೆ, ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ತಗ್ಗು ಉಳಿಯುತ್ತದೋ ನೋಡುವುದು. ರಜೆಗೆ ಊರಿಗೆ ಹೋದರೆ ಅವ್ವನನ್ನೂ ಓಣಿಯ ಹೆಂಗಸರನ್ನೂ ಕಟ್ಟೆಗೆ ಕೂರಿಸಿ ನೋಡುತ್ತಿದ್ದಳು. “ನಮ್ಮ ರಾಯಿ ಮುಟ್ಟಿದ್ರನ ಅರ್ಧಾ ಬ್ಯಾನಿ ಹೋಗತೈತಿ” ಎಂದು ಅವ್ವ ನಗುತ್ತಿದ್ದಳು.

ಎಪ್ಪತ್ತಾರನೆಯ ಇಸವಿಯ ನವೆಂಬರಿನಲ್ಲಿ ಅವಳ ತರಬೇತಿ ಮುಗಿಯಲು ಎರಡೇ ತಿಂಗಳು ಉಳಿದಿತ್ತು. ತುರ್ತು ಪರಿಸ್ಥಿತಿಯ ಕಾಲ. ಎಲ್ಲ ಕಡೆ ಆಪರೇಶನ್ ಕ್ಯಾಂಪು. ಸರಕಾರಿ ನೌಕರನಾದವನು ಇಷ್ಟು ಜನರನ್ನು ಮಕ್ಕಳಾಗದ ಆಪರೇಶನ್ನಿಗೆ ತರಲೇಬೇಕೆಂದು ಹುಕುಂ ಆಗಿತ್ತು. ಕಟಕೋಳದ ಶಾಲೆಯಲ್ಲಿ ಒಂದು ದಿನದ ಕ್ಯಾಂಪು ಎಂದು ಹನ್ನೆರಡು ವಿದ್ಯಾರ್ಥಿನಿಯರನ್ನು ವ್ಯಾನಿನಲ್ಲಿ ತುಂಬಿಕೊಂಡು ಸಿದ್ದಲಿಂಗವ್ವ ಅಕ್ಕೋರು ಹೊರಟರು. ಸವದತ್ತಿ ದಾಟುವವರೆಗೆ ಹುಡುಗಿಯರು ಹಾಡುತ್ತಿದ್ದರು. ಅಕ್ಕೋರು ಮಾತ್ರ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು.

ಶಾಲೆಯ ಅಂಗಳದಲ್ಲಿ ಆಗಲೇ ನೂರಕ್ಕೂ ಹೆಚ್ಚು ಹೆಂಗಸರು ಬಿಸಿಲಿಗೆ ಕುಳಿತಿದ್ದರು. ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ತಂದವರು. ಬೆಳಗಿನಿಂದ ಯಾರ ಹೊಟ್ಟೆಗೂ ನೀರಿಲ್ಲ. ವರಾಂಡದಲ್ಲಿ ನಾಲ್ಕು ಮೇಜು ಹಾಕಿದ್ದರು. ಒಬ್ಬೊಬ್ಬರನ್ನೂ ತಪಾಸಣೆ ಮಾಡಿ, ಕಾಗದ ತುಂಬಿ, ಸಹಿ ಹಾಕಿ ಒಳಗೆ ಸರ್ಜನ್ನರ ಹತ್ತಿರ ಕಳಿಸುವುದು ಹುಡುಗಿಯರ ಕೆಲಸ.

ರಾಯವ್ವ ತನ್ನ ಮೇಜಿನ ಮೇಲಿನ ಕಾಗದದ ಕಟ್ಟು ಬಿಚ್ಚಿದಳು. ಮೊದಲನೆಯದರಲ್ಲಿ ನಾಡಿ ಎಪ್ಪತ್ತೆರಡು, ರಕ್ತದೊತ್ತಡ ನೂರಾ ಇಪ್ಪತ್ತು–ಎಂಬತ್ತು, ರಕ್ತಹೀನತೆ ಇಲ್ಲ, ಆಪರೇಶನ್ನಿಗೆ ಯೋಗ್ಯ ಎಂದು ನೀಲಿ ಶಾಯಿಯಲ್ಲಿ ಬರೆದಿತ್ತು. ಎರಡನೆಯದರಲ್ಲೂ ಅದೇ. ಕೊನೆಯ ಕಾಗದದವರೆಗೂ ಅದೇ. ಹೆಸರಿನ ಜಾಗ ಒಂದೇ ಖಾಲಿ.

ಯಾರದೋ ತಪ್ಪಿನಿಂದ ಹೀಗಾಗಿದೆ ಎಂದುಕೊಂಡು ಅಕ್ಕೋರ ಹತ್ತಿರ ಓಡಿದಳು. “ಅಕ್ಕೋರ, ಇದರಾಗ ಮೊದಲ ಬರದಾರ್ರೀ.”

“ಗೊತ್ತೈತಿ” ಎಂದರು ಅವರು, ಅವಳ ಮುಖ ನೋಡದೆ. “ಹೆಸರು ಬರಿ, ಸಹಿ ಮಾಡು. ಸಂಜಿಕ ನೂರು ಆಪರೇಶನ್ ಆಗಬೇಕಂತ.”

ರಾಯವ್ವ ವಾಪಸು ಬಂದು ಕುಳಿತಳು. ಪಕ್ಕದ ಮೇಜಿನಲ್ಲಿ ಜತೆಯ ವಿದ್ಯಾರ್ಥಿನಿ ದೇವಕ್ಕ ತಲೆ ತಗ್ಗಿಸಿ ಸರಸರ ಸಹಿ ಹಾಕುತ್ತಿದ್ದಳು.

ರಾಯವ್ವನ ಮೇಜಿಗೆ ಮೊದಲು ಬಂದವಳು ಬಾಯವ್ವ. ಸುಮಾರು ಇಪ್ಪತ್ತೆಂಟು ವಯಸ್ಸು, ತೋಳಿನಲ್ಲಿ ಎಳೆಗೂಸು. ಅಂಗಳದಿಂದ ವರಾಂಡದ ಮೂರು ಮೆಟ್ಟಿಲು ಏರುವಷ್ಟರಲ್ಲಿ ಎರಡು ಸಲ ನಿಂತು ಉಸಿರು ತಗೊಂಡಳು. ಅದನ್ನು ಕಂಡ ಮೇಲೆ ರಾಯವ್ವನಿಗೆ ಪೆನ್ನು ಹಿಡಿಯುವುದಾಗಲಿಲ್ಲ. ರೆಪ್ಪೆ ಜಗ್ಗಿದಳು. ಒಳಗೆ ಸುಣ್ಣ ಬಳಿದ ಹಾಗಿತ್ತು. ನಾಲಗೆಯೂ ಬಿಳಿ. ಉಗುರು ಚಮಚದ ಹಾಗೆ ಒಳಗೆ ಬಾಗಿದ್ದವು. ಕಾಲು ಒತ್ತಿದರೆ ಹೆಬ್ಬೆರಳಿನ ತಗ್ಗು ಹಾಗೇ ಉಳಿಯಿತು. ಮಣಿಕಟ್ಟು ಹಿಡಿದು, ಅಕ್ಕೋರು ಕಲಿಸಿದಂತೆ ಪೂರ್ತಿ ಒಂದು ನಿಮಿಷ ಎಣಿಸಿದಳು. ನೂರಾ ಹದಿನೆಂಟು. ಇನ್ನೊಂದು ನಿಮಿಷ ಉಸಿರು ಎಣಿಸಿದಳು, ಮೂವತ್ತು.

“ಕೂಸು ಎಷ್ಟು ತಿಂಗಳದ್ದೈತಿ ಅಕ್ಕಾ?”

“ಎರಡು. ಇದು ಐದನೇದ್ದು.”

“ಹಡದ ಮ್ಯಾಲೆ ರಕ್ತ ಹೋಗೂದು ನಿಂತೈತಿ?”

ಬಾಯವ್ವ ಅತ್ತಿತ್ತ ನೋಡಿ ದನಿ ಇಳಿಸಿದಳು. “ಇಲ್ಲವಾ. ಇನ್ನೂ ಹೊಂಟೈತಿ. ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.”

ಆಕೆಯ ಗಂಡ ಗಂಗಪ್ಪ ಹಿಂದೆಯೇ ನಿಂತಿದ್ದ. ರಾಮದುರ್ಗದ ಸರಕಾರಿ ಕಚೇರಿಯೊಂದರಲ್ಲಿ ಜವಾನ. ಕೈ ಮುಗಿದು ಹೇಳಿದ: “ನರ್ಸಬಾಯಾರ, ಬ್ಯಾಡ ಅನಬ್ಯಾಡ್ರಿ. ಆಪರೇಶನ್ನಿಗೆ ಒಂದ ಕೇಸ್ ತರದಿದ್ರ ನೌಕರಿಯಿಂದ ತಗೀತೇವಿ ಅಂದಾರ್ರಿ. ಮಂದಿ ಯಾರೂ ಸಿಗಲಿಲ್ಲ. ಅದಕ್ಕ ಮನಿಯಾಕಿನ್ನ ಕರ್ಕೊಂಡು ಬಂದೇನ್ರಿ.”

“ಈಕಿ ಮೈಯಾಗ ರಕ್ತನ ಇಲ್ಲೋ ಯಣ್ಣಾ! ಮ್ಯಾಲ ಕತ್ರಿ ಹಾಕಿದ್ರ ಏನ ಉಳೀತೈತಿ?”

ಗಂಗಪ್ಪ ಹೆಂಡತಿಯ ಮುಖವನ್ನು ಮೊದಲ ಸಲ ನೋಡುವವನಂತೆ ನೋಡಿದ. ಅಷ್ಟರಲ್ಲಿ ಕ್ಯಾಂಪಿನ ಉಸ್ತುವಾರಿ ಹೊತ್ತ ಸಾಹೇಬರು ಬೂಟು ಬಡಿಯುತ್ತ ಬಂದರು. ಇಲ್ಲೇಕೆ ಸಾಲು ನಿಂತಿದೆ ಎಂದು ಗದರಿದರು. ಹಿಂದೆ ಸಿದ್ದಲಿಂಗವ್ವ ಅಕ್ಕೋರು ಬಂದು ನಿಂತರು.

“ಅಕ್ಕೋರ, ನೀವ ಒಮ್ಮೆ ನೋಡ್ರಿ” ಎಂದು ರಾಯವ್ವ ಬಾಯವ್ವನ ಕೈಯನ್ನು ಅವರ ಮುಂದೆ ಹಿಡಿದಳು.

ಅಕ್ಕೋರು ಮುಟ್ಟಲಿಲ್ಲ. ಮುಟ್ಟುವ ಅಗತ್ಯವೇ ಇರಲಿಲ್ಲ. ಮೂವತ್ತು ವರ್ಷ ರೋಗಿಗಳನ್ನು ನೋಡಿದ ಕಣ್ಣು ಅವು. ಆ ಮುಖ, ಆ ಉಸಿರು, ಆ ಕಾಲಿನ ಬಾವು ಎಲ್ಲವೂ ಅವರಿಗೆ ಕಂಡಿತು. ಕಂಡದ್ದು ರಾಯವ್ವನಿಗೂ ಗೊತ್ತಾಯಿತು. ಆದರೂ ಅವರು ಅಂದದ್ದು ಇಷ್ಟೇ: “ಎಲ್ಲಾರೂ ಬರದಂಗ ಬರಿ ರಾಯವ್ವ. ಹಟಾ ಮಾಡಬ್ಯಾಡ.”

ಅಷ್ಟು ಹೊತ್ತು ಸಾಹೇಬರ ಮೇಲಿದ್ದ ಸಿಟ್ಟು ಒಮ್ಮೆಲೇ ಅಕ್ಕೋರ ಕಡೆ ತಿರುಗಿತು. ರಾಯವ್ವ ಕಾಗದದ ಮೇಲಿನ ನೀಲಿ ಅಕ್ಷರಗಳ ಮೇಲೆ ಉದ್ದಕ್ಕೆ ಗೀಟು ಎಳೆದಳು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಳು: ನಾಡಿ ೧೧೮. ಉಸಿರು ೩೦. ತೀವ್ರ ರಕ್ತಹೀನತೆ. ಕಾಲಿಗೆ ಬಾವು. ಹೆರಿಗೆಯಾಗಿ ಎರಡು ತಿಂಗಳಾದರೂ ರಕ್ತಸ್ರಾವ ನಿಂತಿಲ್ಲ. ಆಪರೇಶನ್ನಿಗೆ ಯೋಗ್ಯಳಲ್ಲ. ಪೂರ್ತಿ ಹೆಸರಿನ ಸಹಿ ಹಾಕಿ, ಸಾಹೇಬರು ಕೈ ಚಾಚುವಷ್ಟರಲ್ಲಿ ಎದ್ದು, ಪರದೆ ಸರಿಸಿ ಸರ್ಜನ್ನರ ಕೋಣೆಗೇ ಹೋದಳು.

ಸರ್ಜನ್ನರು ಕೈ ತೊಳೆಯುತ್ತಿದ್ದರು. ಕಾಗದ ಓದಿ ಅವರ ಹುಬ್ಬು ಗಂಟಾಯಿತು. “ಇದನ್ನ ಯಾಕ ಬರದಿ? ಬಾಯಿಲೆ ಹೇಳಿದ್ರ ಸಾಕಾಗ್ತಿರಲಿಲ್ಲೇನು? ಹರದು ಬ್ಯಾರೆ ಬರಕೊಂಡ ಬಾ.”

“ನಾ ಹರಿಯೂದಿಲ್ರಿ. ನೀವ ಹರೀರಿ” ಎಂದಳು ರಾಯವ್ವ.

ಸರ್ಜನ್ನರು ಹರಿಯಲಿಲ್ಲ. ಅವರಿಗೆ ಬಾಯವ್ವನ ಮೇಲೆ ಕರುಣೆ ಬಂತೆಂದಲ್ಲ. ಬರಹದಲ್ಲಿ ಬಂದ ಮೇಲೆ ಹೆಣದ ಹೊಣೆ ತಮ್ಮ ಕುತ್ತಿಗೆಗೆ ಬೀಳುತ್ತದೆಂದು ಅವರಿಗೆ ತಿಳಿದಿತ್ತು. ಕಾಗದವನ್ನು ಬದಿಗೆ ಸರಿಸಿ, “ಮುಂದಿನಾಕಿನ್ನ ಕಳಸ್ರಿ” ಎಂದು ಕೂಗಿದರು.

ಆ ಹೊತ್ತಿನಿಂದ ರಾಯವ್ವ ತನ್ನ ಸಾಲಿನಲ್ಲಿ ಬಂದ ಪ್ರತಿಯೊಬ್ಬಳನ್ನೂ ರೆಪ್ಪೆಯಿಂದ ಪಾದದವರೆಗೆ ನೋಡಿದಳು. ಒಬ್ಬೊಬ್ಬರಿಗೂ ಹತ್ತು ನಿಮಿಷ. ಸಾಹೇಬರು ಬಂದು ಬೈದರು, ಹೋದರು, ಮತ್ತೆ ಬಂದರು. ಮಧ್ಯಾಹ್ನದ ಹೊತ್ತಿಗೆ ದೇವಕ್ಕನೂ ಸಹಿ ನಿಲ್ಲಿಸಿ ನಾಡಿ ಹಿಡಿದಳು. ಬಾಯವ್ವನಲ್ಲದೆ ಇನ್ನೂ ಇಬ್ಬರು ಹೆಂಗಸರು ಆಪರೇಶನ್ ಇಲ್ಲದೆ ವಾಪಸು ಹೋದರು. ಸೂರ್ಯ ಇಳಿಯುವಾಗ ನೂರಕ್ಕೆ ಹತ್ತೊಂಬತ್ತು ಕಡಿಮೆಯಾಗಿತ್ತು. ಉಳಿದ ಮೇಜುಗಳಿಂದ ಯಾರೂ ಮುಟ್ಟದೆ ಒಳಗೆ ಹೋದವರು ಎಷ್ಟು ಮಂದಿ ಎಂದು ರಾಯವ್ವ ವಾಪಸು ಬರುವಾಗ ವ್ಯಾನಿನಲ್ಲಿ ಎಣಿಸುತ್ತಲೇ ಇದ್ದಳು.

ಎಂಟು ದಿನಕ್ಕೆ ತರಬೇತಿ ಶಾಲೆಯಲ್ಲಿ ರಾಯವ್ವನ ವಿಚಾರಣೆಯಾಯಿತು. ಹಿರಿಯರ ಮಾತು ಮೀರಿದ್ದು, ಸರಕಾರಿ ಕಾಗದ ಕೆಡಿಸಿದ್ದು ಎಂದು ಎರಡು ಆರೋಪ. ತಪ್ಪಾಯಿತೆಂದು ಮಾಫಿ ಬರೆದುಕೊಟ್ಟರೆ ಮುಗಿಯಿತು ಎಂದರು.

“ನಾ ಬರದದ್ದರಾಗ ಯಾವುದು ಸುಳ್ಳೈತಿ ಹೇಳ್ರಿ, ಅದರ ಮಾಫಿ ಬರದ ಕೊಡತೇನಿ” ಎಂದಳು ರಾಯವ್ವ. ಗೋಡೆಗೆ ಒರಗಿ ಕುಳಿತಿದ್ದ ಸಿದ್ದಲಿಂಗವ್ವ ಅಕ್ಕೋರು ಸೆರಗಿನ ಅಂಚು ಮಡಚುತ್ತ, ಬಿಚ್ಚುತ್ತ ಇದ್ದರು. ವಿಚಾರಣೆ ಮಾಡಿದವರು ರಾಯವ್ವನಿಗೆ ಪರೀಕ್ಷೆಗೆ ಕೂರದಂತೆ ಆರು ತಿಂಗಳು ತಡೆ ಹಾಕಿದರು.

ಗಂಗಪ್ಪನನ್ನೂ ಕೆಲಸದಿಂದ ಬಿಡಿಸಿದ್ದರು. ಅವನು ಒಂದು ದಿನ ಹಾಸ್ಟೆಲಿನ ಗೇಟಿಗೆ ಬಂದು, “ನಿನ್ನ ಬರವಣಿಗಿ ನನ್ನ ಅನ್ನಾ ತಿಂತು” ಎಂದು ಕೂಗಾಡಿದ. ಕೂಗಿ ದಣಿದ ಮೇಲೆ ಅವನೇ ತಗ್ಗಿದ ದನಿಯಲ್ಲಿ, “ಆಕಿಗೆ ಏನರ ಔಷಧ ಕೊಡಸ್ರಿ” ಎಂದ. ರಾಯವ್ವ ಬಾಯವ್ವನನ್ನು ಬೈಲಹೊಂಗಲಕ್ಕೆ ಕರೆಸಿ ದೊಡ್ಡ ಡಾಕ್ಟರಿಗೆ ತೋರಿಸಿದಳು. ಹೆರಿಗೆಯಲ್ಲಿ ಬೀಳಬೇಕಿದ್ದ ಕಸದ ತುಣುಕು ಗರ್ಭಕೋಶದಲ್ಲಿ ಉಳಿದಿತ್ತು. ತೆಗೆಸಿ, ರಕ್ತ ಕೊಡಿಸಿ, ಹದಿನೈದು ದಿನ ಇಟ್ಟುಕೊಂಡು ಕಳಿಸಿದರು. ಮಾರ್ಚಿನಲ್ಲಿ ಚುನಾವಣೆಯಾಗಿ ಸರಕಾರ ಬದಲಾಯಿತು. ಆಪರೇಶನ್ ಕೇಸಿನ ಮಾತು ಎತ್ತುವವರೇ ಇಲ್ಲದಂತಾಗಿ ಗಂಗಪ್ಪನನ್ನು ಮತ್ತೆ ಕೆಲಸಕ್ಕೆ ಕರೆದರು. ರಾಯವ್ವನ ಆರು ತಿಂಗಳನ್ನು ಯಾರೂ ತಿರುಗಿ ಕೊಡಲಿಲ್ಲ.

ಅವಳು ಪರೀಕ್ಷೆ ಪಾಸಾದದ್ದು ಜುಲೈ ಕೊನೆಗೆ. ಕಿತ್ತೂರಿನಲ್ಲಿ ಕೆಲಸವೂ ಸಿಕ್ಕಿತು. ಟ್ರಂಕು ಕಟ್ಟುತ್ತಿದ್ದಾಗ ಸಿದ್ದಲಿಂಗವ್ವ ಅಕ್ಕೋರು ಹಾಸ್ಟೆಲಿನ ಮಹಡಿಯ ಕೋಣೆಗೆ ಬಂದರು. ಕೈಯಲ್ಲಿ ಪೇಢೆಯ ಪೊಟ್ಟಣ ಇತ್ತು.

“ಪಿಂಚಣಿಗೆ ಒಂದ ವರ್ಷ ಉಳದಿತ್ತವಾ. ಮನ್ಯಾಗ ದುಡಿಯಾಕಿ ನಾ ಒಬ್ಬಾಕೀನ. ಹೆದರಿದೆ” ಎಂದರು. ರಾಯವ್ವ ಸೀರೆಯೊಂದನ್ನು ಮಡಚಿ ಟ್ರಂಕಿಗೆ ಇಟ್ಟಳು. ಅವರೇ ಮತ್ತೆ ಕೇಳಿದರು: “ಸಿಟ್ಟು ಇನ್ನೂ ಹೋಗಿಲ್ಲೇನು?”

“ಸಾಹೇಬ್ರ ಮ್ಯಾಲಿಂದು ಎಂದೋ ಹೋಗೇತ್ರಿ. ಅವರು ನನಗ ಏನೂ ಕಲಿಸಿರಲಿಲ್ಲ” ಎಂದಳು ರಾಯವ್ವ. “ನಿಮ್ಮ ಮ್ಯಾಲಿಂದು ಹೋಗವಲ್ದು, ಅಕ್ಕೋರ.”

ಅಕ್ಕೋರು ಪೇಢೆಯ ಪೊಟ್ಟಣವನ್ನು ಮಂಚದ ಮೇಲಿಟ್ಟು ಹೊರಟರು. ಮೊಣಕಾಲು ನೋವಿನಿಂದ ಅವರಿಗೆ ಮೆಟ್ಟಿಲು ಇಳಿಯುವುದು ಕಷ್ಟವಾಗುತ್ತಿತ್ತು. ರಾಯವ್ವ ಹೋಗಿ ತೋಳು ಹಿಡಿದು ಕೆಳಗಿನವರೆಗೆ ಇಳಿಸಿದಳು, ಮೇಲೆ ಬಂದು ಟ್ರಂಕಿನ ಚಿಲಕ ಹಾಕಿದಳು.