ಆಚೆ ಸರಿ

ಗಾಜಿನ ಗುಮ್ಮಟವೊಂದರೊಳಗೆ ನೆಲಕ್ಕೆ ತಾಗದೆ ತೇಲುವ ಒಂದು ಊರಿತ್ತು. ಅಲ್ಲಿನ ಜನವೆಲ್ಲ ಧೂಳಿನ ಕಣಗಳು. ಒಳಗೆ ಕಾಲಿಟ್ಟವರಿಗೆಲ್ಲ ಅಲ್ಲಿನ ನೇರಳೆ ಬೆಳಕು ದಿನವೂ ಒಂದೊಂದು ತುತ್ತು ಮುನಿಸು ಬಡಿಸುತ್ತಿತ್ತು. ಅದನ್ನು ಉಂಡವರು ಮಾತ್ರ ತೇಲುತ್ತಿದ್ದರು. ಮುನಿಸು ಕಳಕೊಂಡವರು ತಳದ ಕತ್ತಲೆಗೆ ಬೀಳುತ್ತಿದ್ದರು.

ಆ ಮುನಿಸಿನಿಂದ ಎಲ್ಲರೂ ಎಲ್ಲರನ್ನೂ ದೂರದಿಂದಲೇ ಒಂದೇ ಸಮನೆ ದೂಡುತ್ತಿದ್ದರು. ಬಿಟ್ಟು ಓಡೋಣವೆಂದರೆ ಗುಮ್ಮಟದ ಅಂಚು ಒಳಕ್ಕೇ ದೂಡುತ್ತಿತ್ತು. ಹೀಗಾಗಿ ಯಾರೂ ಯಾರನ್ನೂ ಮುಟ್ಟದೆ, ಒಬ್ಬೊಬ್ಬರ ಸುತ್ತ ಆರಾರು ಜನ ನಿಂತು, ಊರು ಜೇನುಗೂಡಿನ ಹಾಗೆ ಸಾಲುಗಟ್ಟಿತ್ತು. "ಆಚೆ ಸರಿ" ಅನ್ನುವುದೇ ಅಲ್ಲಿನ ನಮಸ್ಕಾರ.

ಕೆಂಚಿಯೂ ಅವಳ ಅಕ್ಕನೂ ಒಂದೇ ಇಟ್ಟಿಗೆಯಿಂದ ಉದುರಿದವರು. ಬರುವಾಗ ತಬ್ಬಿಕೊಂಡೇ ಬಂದಿದ್ದರು. ಮೊದಲ ತುತ್ತಿಗೇ ಕೈ ಬಿಟ್ಟುಹೋಗಿತ್ತು. ಈಗ ಅಕ್ಕ ಪಕ್ಕದಲ್ಲೇ ಇದ್ದಳು, ಒಂದು ಗೇಣು ಆಚೆ. ಇನ್ನೊಮ್ಮೆ ಅವಳ ಹೆಗಲಿಗೆ ತಲೆ ಆನಿಸಬೇಕು ಅನ್ನುವುದೊಂದೇ ಕೆಂಚಿಯ ಆಸೆ. ಆದರೆ ಇವಳು ಹತ್ತಿರ ಜರುಗಿದರೆ ಅಕ್ಕ ಹಿಂದಕ್ಕೆ ಜರುಗುವಳು, ಅಕ್ಕನ ಹಿಂದಿನವರೂ ಜರುಗುವರು, ಊರಿಗೆ ಊರೇ ನಡುಗುವುದು.

"ಯಾರೇ ಅದು ಕುಣಿಯೋದು?" ಮೇಲಿನ ಸಾಲಿನ ಹಿರಿಯ ಸುಣ್ಣಜ್ಜ ಗದರಿದ. "ಎಷ್ಟು ಚೆಂದ ನಿಂತಿದೀವಿ! ಗಾಜಿನಾಚೆ ದೊಡ್ಡ ದೊಡ್ಡ ಕಣ್ಣುಗಳು ನಮ್ಮನ್ನ ನೋಡಿ ಅರಳ್ತವೆ. ಇದಕ್ಕಿಂತ ಒಗ್ಗಟ್ಟು ಬೇಕಾ ನಿನಗೆ?"

"ಒಗ್ಗಟ್ಟು ಅಂದ್ರೆ ಮುಟ್ಟಬಾರದಾ ಅಜ್ಜ?"

"ಮುಟ್ಟಿಕೊಂಡು ನಿಂತ್ರೆ ಅದು ಸಂತೆ ಕಣೇ, ಊರಲ್ಲ."

ಸಾಲೆಲ್ಲ ನಕ್ಕಿತು. ಅಕ್ಕನೂ ನಕ್ಕಳು.

ಅಂದಿನಿಂದ ಕೆಂಚಿ ಉಣ್ಣುವುದು ಬಿಟ್ಟಳು. ಮುನಿಸು ಕರಗುತ್ತ ಬಂದಂತೆ ಗೇಣಿದ್ದದ್ದು ಬೆರಳಗಲವಾಯಿತು. ಜೊತೆಗೇ ಕಾಲಡಿಯೂ ಸಡಿಲವಾಯಿತು.

"ಅಕ್ಕಾ, ನೀನೂ ಬಿಟ್ಟುಬಿಡೇ," ಎಂದು ಕೈ ಚಾಚಿದಳು.

"ಬೀಳ್ತೀಯ ಹುಚ್ಚಿ! ಆಚೆ ಸರಿ!"

ಕೆಂಚಿ ಬಿದ್ದಳು. ಮೇಲೆ ಅವಳ ಆರು ನೆರೆಯವರು ಒಂದಿಷ್ಟು ಜರುಗಿ ಆ ಜಾಗ ಮುಚ್ಚಿದರು. ಸಾಲು ಮೊದಲಿಗಿಂತ ನೆಟ್ಟಗಾಯಿತು.

ತಳದಲ್ಲಿ ಹಿಂದೆ ಬಿದ್ದವರೆಲ್ಲ ಒಬ್ಬರಿಗೊಬ್ಬರು ಒರಗಿಕೊಂಡಿದ್ದರು. ಯಾರದೋ ಮೊಣಕೈ ಅವಳ ಬೆನ್ನಿಗೆ ತಾಗಿತು. ಬೆಚ್ಚಗಿತ್ತು.

"ಈ ಊರಿನ ಹೆಸರೇನು?" ಕೆಂಚಿ ಕೇಳಿದಳು.

"ಮೇಲಿನವರು ಕಸ ಅಂತಾರೆ. ನೀನು ಕೂತ್ಕೋ ತಾಯಿ, ಜಾಗ ಇದೆ."

ಅವಳು ಪಕ್ಕದಲ್ಲಿ ಅಕ್ಕನಿಗೂ ಜಾಗ ಹಿಡಿದು ಕೂತಳು.

ಒಂದು ದಿನ ಯಾರೋ ಬೆಳಕು ಆರಿಸಿದರು. ಸಾಲುಗಳು ಕರಗಿ ನೀರಿನಂತೆ ಸುಳಿದಾಡಿದವು. ಆಮೇಲೆ ಊರು ಉದುರಿತು. ಸುಣ್ಣಜ್ಜ ಬಿದ್ದ, ಆರು ನೆರೆಯವರು ಬಿದ್ದರು. ಕಡೆಗೆ ಅಕ್ಕ ಬಂದಳು. ಕೆಂಚಿ ತೋಳು ಚಾಚಿದಳು. ಅಕ್ಕ ಬೀಳುಬೀಳುತ್ತಲೇ ಮೈ ತಿರುಗಿಸಿ ಒಂದು ಗೇಣು ಆಚೆ ಹೋಗಿ ಬಿದ್ದಳು. ಮುನಿಸು ಬಡಿಸುವ ಬೆಳಕಿರಲಿಲ್ಲ, ನೋಡುವ ಕಣ್ಣುಗಳೂ ಇರಲಿಲ್ಲ. ಆದರೂ ಆ ಕತ್ತಲೆಯಲ್ಲಿ, ಕಸದ ಮೇಲೆ, ಹೊಸದಾಗಿ ಬಿದ್ದವರೆಲ್ಲ ಮತ್ತೆ ಸಾಲಾಗಿ ಮಲಗಿದ್ದರು.

ಗುಮ್ಮಟ ತೆರೆಯಿತು. ಒದ್ದೆ ಬಟ್ಟೆಯೊಂದು ಒಳಗೆ ಬಂದು ತಳವನ್ನು ಒಂದೇ ಎಳೆತಕ್ಕೆ ಒರೆಸಿತು. ಸುಣ್ಣ, ಇಟ್ಟಿಗೆ, ಮೇಲಿನವರು, ಕೆಳಗಿನವರು ಎಲ್ಲ ಒಂದೇ ಮುದ್ದೆ. ಆ ಮುದ್ದೆಯೊಳಗೆ ಅಕ್ಕನ ಹೆಗಲು ಬಂದು ಕೆಂಚಿಯ ತಲೆಗೆ ಒತ್ತಿಕೊಂಡಿತು.

"ಅಕ್ಕಾ," ಅಂದಳು ಕೆಂಚಿ.

ಉಸಿರಾಡಲೂ ಎಡೆಯಿಲ್ಲದ ಅಕ್ಕ ಹೇಗೋ ಬಾಯಿ ಬಿಡಿಸಿಕೊಂಡಳು.

"ಆಚೆ ಸರಿ."